ಮೂಸಿ ಕೊಟ್ಟ ಸೊಪ್ಪು

ಹಾಲು ತಳ ಹಿಡಿದ ದಿನ ದೊಡ್ಡಮ್ಮನಿಗೆ ಗೊತ್ತಾಯಿತು. ಒಲೆಯ ಮುಂದೆಯೇ ನಿಂತಿದ್ದಳು. ಸೌಟು ಕೈಯಲ್ಲೇ ಇತ್ತು. ಆದರೂ ಮೆಟ್ಟಿಲ ಬುಡದಿಂದ ವಾರಗಿತ್ತಿ, "ಅಕ್ಕಾ, ಏನೋ ಸೀಯ್ತಿದೆ!" ಎಂದು ಕೂಗಿದ ಮೇಲೆಯೇ ಪಾತ್ರೆ ಇಳಿಸಿದ್ದು. ಇಳಿಸಿ, ಮುಖವನ್ನು ಪಾತ್ರೆಯ ಬಾಯಿಗೆ ಹಿಡಿದು ಉಸಿರೆಳೆದಳು. ಬಿಸಿ ಹಬೆ ಬಂತು. ಬೇರೇನೂ ಬರಲಿಲ್ಲ.

"ನೋಡ್ಕೊಂಡೇ ಇದ್ದೆ ಕಣೇ. ಈ ಒಲೆ ಉರಿನೇ ಸರಿ ಇಲ್ಲ," ಅಂದಳು.

ಚಳಿಗಾಲದಲ್ಲಿ ಒಂದು ನೆಗಡಿ ಬಂದಿತ್ತು. ಎಲ್ಲರಿಗೂ ಬರುವಂಥದೇ. ಬಂದದ್ದು ಹೋಯಿತು, ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಮೂಗು ಮುಖದ ಮೇಲೆ ಇದ್ದಲ್ಲೇ ಇತ್ತು, ಕೆಲಸ ಮಾತ್ರ ಬಿಟ್ಟಿತ್ತು. ಇಂದು ಬಂದೀತು, ನಾಳೆ ಬಂದೀತು ಎಂದು ಕಾದಳು. ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದಳು, ಸೀಮೆಎಣ್ಣೆ ಡಬ್ಬದ ಮುಚ್ಚಳ ತೆಗೆದು ನೋಡಿದಳು. ಗೋಡೆಗೆ ಮೂಗು ಒತ್ತಿದ ಹಾಗೆ. ಊಟವೂ ಹಾಗೇ ಆಯಿತು. ಉಪ್ಪು ಗೊತ್ತಾಗುತ್ತಿತ್ತು, ಹುಳಿ, ಖಾರ ಗೊತ್ತಾಗುತ್ತಿತ್ತು, ಮಿಕ್ಕದ್ದು ಹುಲ್ಲು ಅಗಿದಂತೆ.

ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದುದಕ್ಕೆ ಕಾರಣವಿತ್ತು.

ಆ ಮನೆಯ ಕೆಳಗೆ ಮರಗೆಲಸದ ಕಾರ್ಖಾನೆ, ಮೇಲೆ ವಾಸ. ಅಣ್ಣ ತಮ್ಮ ಇಬ್ಬರೂ ಸೇರಿ ಕಟ್ಟಿದ ಕಾರ್ಖಾನೆ ಅದು. ಅಣ್ಣ ತೀರಿಕೊಂಡ ಮೇಲೆ ತಮ್ಮ ನಡೆಸುತ್ತಿದ್ದ. ದೊಡ್ಡಮ್ಮ ಆ ಅಣ್ಣನ ಹೆಂಡತಿ. ಮಕ್ಕಳಿಲ್ಲ. ಹೋಗು ಅಂತ ಅವಳಿಗೆ ಯಾರೂ ಹೇಳಲಿಲ್ಲ, ಇರು ಅಂತಲೂ ಹೇಳಲಿಲ್ಲ. ಅಡುಗೆಮನೆ ಅವಳದಾಗಿತ್ತು, ಹಾಗಾಗಿ ಅವಳು ಅಲ್ಲಿದ್ದಳು. ಮನೆಮಂದಿಗೂ ಕೆಳಗಿನ ಕೆಲಸಗಾರರಿಗೂ ಮಧ್ಯಾಹ್ನದ ಊಟ ಅವಳ ಕೈಯಿಂದಲೇ. ಉಪ್ಪಿನ ಡಬ್ಬ ಎಲ್ಲಿರಬೇಕು ಎಂಬುದರಿಂದ ಹಿಡಿದು ಮೈದುನನಿಗೆ ಎರಡನೇ ಸಲ ಅನ್ನ ಬೇಕೋ ಬೇಡವೋ ಎಂಬುದರ ತನಕ ಅವಳದೇ ಮಾತು. ವಾಸನೆ ಹೋಗಿದೆ ಎಂದು ಬಾಯಿಬಿಟ್ಟರೆ ವಾರಗಿತ್ತಿ ಜಗಳ ಆಡುವವಳಲ್ಲ. "ನೀವು ಕೂತ್ಕೊಳ್ಳಿ ಅಕ್ಕ, ಇನ್ನು ನಾನು ನೋಡ್ಕೋತೀನಿ," ಅಂದುಬಿಡುತ್ತಾಳೆ. ಅಷ್ಟೇ. ಆ ಮೆತ್ತನೆಯ ಮಾತಿಗೇ ದೊಡ್ಡಮ್ಮ ಹೆದರಿದ್ದಳು. ಕೂತರೆ ಕೂತಂತೆಯೇ. ಕೂತವರನ್ನು ಮತ್ತೆ ಯಾರು ಎಬ್ಬಿಸುತ್ತಾರೆ?

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಆ ಬೀದಿಯಲ್ಲಿ ಅವಳ ಮೂಗಿಗೆ ಹೆಸರಿತ್ತು.

ಸೊಪ್ಪಿನ ವಿಷಯದಲ್ಲಿ ಅವಳ ತಾಯಿ ಕಲಿಸಿದ್ದು ಒಂದೇ ಪಾಠ. ಕಣ್ಣು ಒಪ್ಪಿದರೆ ಸಾಲದು, ಮೂಗೂ ಒಪ್ಪಬೇಕು. ಎಲೆ ಎಲೆಗೂ ಒಂದೇ ಮುಖ ಇರುತ್ತದೆ, ನಾತ ಮಾತ್ರ ಬೇರೆ. ಅದಕ್ಕೇ ದೊಡ್ಡಮ್ಮ ಸೊಪ್ಪು ಬಿಡಿಸುವಾಗ ಅನುಮಾನ ಬಂದ ಎಲೆಯನ್ನು ಬೆರಳ ನಡುವೆ ತಿಕ್ಕಿ, ಕಣ್ಣು ಮುಚ್ಚಿ ಮೂಸುತ್ತಿದ್ದಳು. ಔಷಧಿ ಹೊಡೆದದ್ದು, ಚರಂಡಿ ನೀರು ಕುಡಿದದ್ದು, ಕಟ್ಟಿನೊಳಗೇ ಬೆಂದು ಲೋಳೆಯಾಗಿದ್ದು, ಎಲ್ಲವನ್ನೂ ಹೇಳುತ್ತಿದ್ದಳು. ಒಮ್ಮೆ ಒಂದು ಕಟ್ಟನ್ನು ಮೂಸಿ, "ಇದು ರಾತ್ರಿ ಗೊಬ್ಬರದ ಗಾಡಿಲಿ ಮಲಗಿತ್ತು," ಅಂದಿದ್ದಳು. ನಿಜವೇ ಆಗಿತ್ತು. ಅಂದಿನಿಂದ ಬೀದಿಯ ಹೆಂಗಸರು ಒಂದು ಪದ್ಧತಿ ಮಾಡಿಕೊಂಡರು. ಸೊಪ್ಪಿನ ಗಾಡಿ ಬೀದಿಗೆ ಬಂದರೆ ಮೊದಲು ನಿಲ್ಲುವುದು ದೊಡ್ಡಮ್ಮನ ಬಾಗಿಲಿಗೆ. ಅವಳು ಮೂಸಿ ತಲೆ ಆಡಿಸಿದ ಮೇಲೆಯೇ ಮಿಕ್ಕವರು ಕೈ ಚಾಚುವುದು. ಅವಳು ಮೂಗು ಮುರಿದರೆ ಗಾಡಿ ಹಾಗೇ ವಾಪಸ್ಸು. ಮೂಸುವವಳು ಒಬ್ಬಳು ಇದ್ದಾಳಲ್ಲ ಎಂದು ಬೀದಿಯಲ್ಲಿ ಬೇರೆ ಯಾರೂ ಮೂಸುವುದನ್ನೇ ಕಲಿಯಲಿಲ್ಲ.

ಅವಳ ಸೊಪ್ಪಿನ ರುಚಿಯೂ ಹಾಗೇ ಇತ್ತು. ಅಗಲ ಬಾಯಿಯ ಪಾತ್ರೆಗೆ ತುಂಬಾ ನೀರು ಬಿಟ್ಟು, ಸೊಪ್ಪನ್ನು ಮುಳುಗಿಸಿ ಅಲುಗಿಸಿ, ಕೈಯಲ್ಲಿ ಮೇಲಕ್ಕೆ ಎತ್ತಿಕೊಳ್ಳುವಳು. ನೀರನ್ನು ಬಗ್ಗಿಸಿದರೆ ತಳದ ಮಣ್ಣು ಮತ್ತೆ ಎಲೆಗೇ ಅಂಟುತ್ತದಲ್ಲ, ಅದಕ್ಕೆ. ತಳದಲ್ಲಿ ಒಂದು ಕಾಳು ಮರಳೂ ಕಾಣದ ತನಕ ನೀರು ಬದಲಿಸುವಳು. ದಂಟು ಮೊದಲು, ಎಲೆ ಆಮೇಲೆ. ಮುಚ್ಚಳ ಹಾಕುತ್ತಿರಲಿಲ್ಲ. ಮುಚ್ಚಿದರೆ ಹಸಿರು ಮುಖ ಬಾಡಿಸಿಕೊಳ್ಳುತ್ತದೆ ಅನ್ನುವಳು. ಜಜ್ಜಿದ ಬೆಳ್ಳುಳ್ಳಿ ಎಣ್ಣೆಯಲ್ಲಿ ಕೆಂಪಗಾಗಿ ಮೇಲೆ ಬಿದ್ದಾಗ ಕೆಳಗೆ ಗರಗಸದ ಸದ್ದಿನ ನಡುವೆಯೂ ಗಂಡಸರು ತಲೆ ಎತ್ತುತ್ತಿದ್ದರು.

ನೆಗಡಿಯ ನಂತರವೂ ಅಡುಗೆ ನಡೆದೇ ಇತ್ತು. ಕಣ್ಣಿನಿಂದ ಬಣ್ಣ ನೋಡಿ, ಕಿವಿಯಿಂದ ಎಣ್ಣೆಯ ಸದ್ದು ಕೇಳಿ, ಬೆರಳಿನಿಂದ ಮುಟ್ಟಿ. ಗಾಡಿ ಬಂದಾಗ ಬಾಗಿಲಿಗೂ ಹೋಗುತ್ತಿದ್ದಳು, ಎಲೆ ತಿಕ್ಕುತ್ತಿದ್ದಳು, ಕಣ್ಣು ಮುಚ್ಚುತ್ತಿದ್ದಳು, ತಲೆ ಆಡಿಸುತ್ತಿದ್ದಳು. ಏನು ಮಾಡಿಯಾಳು? ಬೀದಿಯೇ ನಿಂತು ನೋಡುತ್ತಿತ್ತು. ಸೊಪ್ಪು ತರುವ ಅಜ್ಜಿ ಒಳ್ಳೆಯವಳು, ಒಂದೊಂದೇ ಎಲೆಯನ್ನು ಕೈಯಲ್ಲಿ ಚಿವುಟಿ ತರುವವಳು, ಅವಳ ಕಟ್ಟಿನಲ್ಲಿ ಕಳೆ ಹುಡುಕಿದರೂ ಸಿಗುತ್ತಿರಲಿಲ್ಲ. ಆ ಧೈರ್ಯದ ಮೇಲೆ ದೊಡ್ಡಮ್ಮ ತಲೆ ಆಡಿಸುತ್ತ ಬಂದಳು.

ಹೀಗಿರುವಾಗ ಅಜ್ಜಿ ಸೊಂಟ ಮುರಿದುಕೊಂಡು ಮಲಗಿದಳು.

ಒಂದು ಬೆಳಿಗ್ಗೆ ಗಾಡಿ ತಳ್ಳಿಕೊಂಡು ಅವಳ ಅಳಿಯ ಬಂದ. ಕಟ್ಟುಗಳು ಅಜ್ಜಿಯ ಕಟ್ಟಿನ ಎರಡರಷ್ಟು ದಪ್ಪ, ಬಾಳೆನಾರಿನಿಂದ ಬಿಗಿದು ಕಟ್ಟಿದ್ದ.

"ಏನಪ್ಪಾ, ಇಷ್ಟು ಬೇಗ ಇಷ್ಟೊಂದು ಚಿವುಟಿದ್ಯಾ?" ಎಂದು ದೊಡ್ಡಮ್ಮ ಕೇಳಿದಳು.

"ಚಿವುಟ್ಕೊಂಡು ಕೂತ್ರೆ ಸಂಜೆ ಆಗುತ್ತೆ ದೊಡ್ಡಮ್ಮ. ಕುಡುಗೋಲು ಹಾಕಿ ಬೀಸಿಬಿಟ್ಟೆ. ಬದುವಿನವರೆಗೂ ಒಂದೇ ಬೀಸು," ಎಂದು ನಕ್ಕ.

ಬೀದಿಯ ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದರು. ಎದುರುಮನೆಯ ಟೀಚರಮ್ಮ ಇದ್ದಳು, ಮೂಲೆಮನೆಯ ಆಟೋ ಚಾಲಕನ ಹೆಂಡತಿ ಇದ್ದಳು, ಬೀದಿಯ ಕೊನೆಯಿಂದ ಟೇಲರಮ್ಮ ಕುಂಟಿಕೊಂಡು ಬಂದಿದ್ದಳು. ಅಳಿಯ ಒಂದು ಕಟ್ಟನ್ನು ದೊಡ್ಡಮ್ಮನ ಕೈಗೆ ಕೊಟ್ಟ. ಬೀಸು ಎಂಬ ಮಾತು ಅವಳ ಎದೆಯೊಳಗೆ ಎಲ್ಲೋ ಚುಚ್ಚಿತು. ಬೀಸುವ ಕುಡುಗೋಲಿಗೆ ಪಾಲಕ್ ಯಾವುದು, ಪಕ್ಕದ ಕಳೆ ಯಾವುದು ಗೊತ್ತೇ? ಕಟ್ಟು ಬಿಚ್ಚಿ ಒಂದೊಂದೇ ನೋಡೋಣ ಅನ್ನಬೇಕಿತ್ತು. ಆದರೆ ಅವಳು ಯಾವತ್ತೂ ಕಟ್ಟು ಬಿಚ್ಚಿದವಳಲ್ಲ, ಮೂಸಿದರೆ ಮುಗಿಯಿತು. ಇವತ್ತು ಬಿಚ್ಚಿದರೆ ಯಾಕೆ ಎಂದು ಕೇಳುತ್ತಾರೆ.

"ಬೇಗ ಹೇಳಿ ದೊಡ್ಡಮ್ಮ, ನಂಗೆ ಸ್ಕೂಲಿಗೆ ಹೊತ್ತಾಗುತ್ತೆ," ಅಂದಳು ಟೀಚರಮ್ಮ.

ದೊಡ್ಡಮ್ಮ ಎಲೆ ತಿಕ್ಕಿದಳು. ಕಣ್ಣು ಮುಚ್ಚಿದಳು. ಕತ್ತಲೆ ಕೋಣೆಯಲ್ಲಿ ಕಣ್ಣು ಮುಚ್ಚಿದ ಹಾಗಾಯಿತು.

"ತಾಜಾ ಇದೆ," ಅಂದಳು.

ಬುಟ್ಟಿಗಳು ಮುಂದೆ ಬಂದವು.

ಸೊಪ್ಪು ಬಿಡಿಸಲು ಅಂದು ವಾರಗಿತ್ತಿಯೂ ಕೂತಳು. ದಿನಾ ಕೂರುವವಳಲ್ಲ. ಹಾಲು ಸೀದ ದಿನದಿಂದ ಅವಳು ಯಾಕೋ ಅಡುಗೆಮನೆಯ ಸುತ್ತಲೇ ಸುಳಿಯುತ್ತಿದ್ದಾಳೆ ಎಂದು ದೊಡ್ಡಮ್ಮನಿಗೆ ಅನಿಸಿತ್ತು. ಕೆಳಗೆ ಗರಗಸದ ಯಂತ್ರ ತಿರುಗುತ್ತಿತ್ತು. ಅದು ತಿರುಗುವಷ್ಟು ಹೊತ್ತೂ ಅಡುಗೆಮನೆಯ ನೆಲ ಸಣ್ಣಗೆ ನಡುಗುವುದು, ಹಲಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುವುದು.

"ಅಕ್ಕಾ, ಇದ್ಯಾಕೆ ಈ ಎಲೆ ಅಂಚು ಹಿಂಗೆ ಹರಿದ ಹಾಗಿದೆ? ಪಾಲಕ್ಕೇನಾ ಇದು?" ವಾರಗಿತ್ತಿ ಒಂದು ಎಲೆಯನ್ನು ಚಾಚಿದಳು.

ದೊಡ್ಡಮ್ಮ ತೆಗೆದುಕೊಂಡು ತಿಕ್ಕಿದಳು. ವಾರಗಿತ್ತಿಯ ಕಣ್ಣು ಎಲೆಯ ಮೇಲಿರಲಿಲ್ಲ, ದೊಡ್ಡಮ್ಮನ ಮುಖದ ಮೇಲಿತ್ತು. ಮೂಗಿಗೆ ಹಿಡಿದಳು, ಹಿಡಿಯಬೇಕಾದಷ್ಟು ಹೊತ್ತು ಹಿಡಿದಳು.

"ಪಾಲಕ್ಕೇ. ಬಲಿತಿದೆ ಅಷ್ಟೆ."

ವಾರಗಿತ್ತಿ ತನ್ನ ಬೆರಳನ್ನು ಮೂಸಿಕೊಂಡಳು. "ನಂಗ್ಯಾಕೋ ಒಂಥರಾ ನಾತ ಬಂದಂಗಾಯ್ತು. ಕಮಟು ಎಣ್ಣೆ ಥರ."

"ನಿನ್ನ ಮೂಗಿಗೆ ಎಲ್ಲಾ ಒಂಥರಾನೇ. ಮೊನ್ನೆ ಒಳ್ಳೇ ಮೊಸರನ್ನ ಕೆಟ್ಟಿದೆ ಅಂತ ಚೆಲ್ಲಿದೆಯಲ್ಲ."

ಆ ಮೊಸರು ನಿಜಕ್ಕೂ ಕೆಟ್ಟಿತ್ತೋ ಏನೋ, ದೊಡ್ಡಮ್ಮನಿಗೆ ಈಗಲೂ ಗೊತ್ತಿಲ್ಲ.

"ಸರಿ ಬಿಡಿ. ನೀವು ಹೇಳಿದ ಮೇಲೆ ಇನ್ನೇನು," ಎಂದು ವಾರಗಿತ್ತಿ ಬಟ್ಟೆಗೆ ಕೈ ಒರೆಸಿಕೊಂಡು ಎದ್ದು ಹೋದಳು. ಎಲೆ ಉಳಿದ ಎಲೆಗಳ ಜೊತೆ ಪಾತ್ರೆಗೆ ಬಿತ್ತು. ನೀರು ಬದಲಾಯಿತು, ಮತ್ತೆ ಬದಲಾಯಿತು. ಮಣ್ಣು ಹೋಯಿತು, ಮರಳು ಹೋಯಿತು. ತೊಳೆದರೆ ಹೋಗುವುದೆಲ್ಲ ಹೋಯಿತು.

ಅಡುಗೆ ಮುಗಿದಾಗ ಬಿಸಿಲು ಕಿಟಕಿಯಿಂದ ಒಲೆಯವರೆಗೂ ಬಂದಿತ್ತು. ಸೊಪ್ಪು ಕಡು ಹಸಿರಾಗಿ, ಎಣ್ಣೆ ಹೊಳೆದು, ನೋಡಲು ಎಂದಿಗಿಂತ ಚೆನ್ನಾಗಿತ್ತು. ದೊಡ್ಡಮ್ಮ ಹಿತ್ತಲಿನಲ್ಲಿ ಬಟ್ಟೆ ಒಗೆದು ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಮೈದುನನ ಮಗಳು, ಮದುವೆ ವಯಸ್ಸಿನ ಹುಡುಗಿ, ಪಾತ್ರೆಗಳನ್ನು ಕೆಳಗೆ ಒಯ್ದಳು. ದೊಡ್ಡಮ್ಮ ನೆಲ ಗುಡಿಸಲು ಬಗ್ಗಿದಳು. ಬಿಡಿಸಿ ಬಿಟ್ಟ ದಂಟಿನ ಬುಡ, ಕೊಳೆತ ಎಲೆ, ಬಾಳೆನಾರು ಎಲ್ಲ ಒಂದು ಕಡೆ ಗುಡ್ಡೆಯಾಗಿತ್ತು. ಆ ಗುಡ್ಡೆಯೊಳಗೆ ಏನೋ ಬೆರಳಿಗೆ ಚುಚ್ಚಿತು.

ಕವಲೊಡೆದ ಒಂದು ದಂಟು. ಕವಲಿನ ಸಂದಿಯಲ್ಲಿ ಒಂದು ಎಳೆಯ ಕಾಯಿ. ನೆಲ್ಲಿಕಾಯಿಗಿಂತ ಚಿಕ್ಕದು, ಹಸಿರು, ಮೈತುಂಬಾ ಮುಳ್ಳು.

ಅದನ್ನು ಗುರುತಿಸಲು ಮೂಗು ಬೇಕಿರಲಿಲ್ಲ. ದತ್ತೂರಿ. ಅವಳ ಊರಿನಲ್ಲಿ ದನವೂ ಬಾಯಿ ಹಾಕದ ಗಿಡ. ಬೇಯಿಸಿದರೆ ಇಳಿಯುವ ನಂಜಲ್ಲ ಅದು. ತಿಂದವರು ಸತ್ತರೆ ಸತ್ತರು, ಉಳಿದರೆ ಒಂದೆರಡು ದಿನ ತಮ್ಮ ಹೆಸರೇ ತಮಗೆ ಗೊತ್ತಿಲ್ಲದೆ ಗೋಡೆಯ ಜೊತೆ ಮಾತಾಡುತ್ತಾರೆ ಎಂದು ತಾಯಿ ಹೇಳುತ್ತಿದ್ದಳು. ದಂಟಿನಲ್ಲಿ ಎಲೆ ಕಿತ್ತ ಗಾಯಗಳಿದ್ದವು, ಒಂದಲ್ಲ ಎರಡಲ್ಲ. ಎಲೆ ಎಲ್ಲಿ ಹೋದವು?

ಅಷ್ಟರಲ್ಲಿ ಲೋಟಗಳ ಕಿಣಿಕಿಣಿ ನಿಂತಿತು. ಗರಗಸ ನಿಂತಿತು ಎಂದರೆ ಕೆಳಗೆ ಊಟಕ್ಕೆ ಕೂರುತ್ತಾರೆ.

ದೊಡ್ಡಮ್ಮ ಮೆಟ್ಟಿಲಿಳಿದದ್ದು ಅವಳಿಗೇ ನೆನಪಿಲ್ಲ. ಕೆಳಗೆ ಮರದ ಹೊಟ್ಟಿನ ಮೇಲೆ ಗೋಣಿ ಹಾಸಿ ಗಂಡಸರು ಸಾಲಾಗಿ ಕೂತಿದ್ದರು. ಮೈದುನ ತಟ್ಟೆಗೆ ಅನ್ನ ಹಾಕಿಸಿಕೊಂಡಿದ್ದ. ಮುದುಕ ಮೇಸ್ತ್ರಿ ಕೈ ತೊಳೆದು ಬರುತ್ತಿದ್ದ. ಹುಡುಗಿ ಸೊಪ್ಪಿನ ಪಾತ್ರೆಗೆ ಸೌಟು ಹಾಕಿದ್ದಳು. ಆಗ ದೊಡ್ಡಮ್ಮನ ತಲೆಯಲ್ಲಿ ಎರಡು ಯೋಚನೆ ಒಟ್ಟಿಗೇ ಓಡಿದವು. ಇದು ಯಾರ ಬಾಯಿಗೂ ಹೋಗಬಾರದು. ಮತ್ತೆ, ಯಾಕೆ ಅಂತ ಯಾರಿಗೂ ಗೊತ್ತಾಗಬಾರದು.

ಅವಳು ಎಡವಿದಂತೆ ಮಾಡಿ ಪಾತ್ರೆಯ ಮೇಲೆ ಬಿದ್ದಳು. ಹಸಿರೆಲ್ಲ ಹೊಟ್ಟಿನ ಮೇಲೆ ಚೆಲ್ಲಿತು.

"ಅಯ್ಯೋ ಅತ್ತಿಗೆ! ಪೆಟ್ಟಾಯ್ತಾ?" ಮೈದುನ ಎದ್ದ.

"ಇಲ್ಲಪ್ಪ. ಕಣ್ಣು ಕತ್ತಲೆ ಬಂತು. ಹಾಳಾದ್ದು, ಸೊಪ್ಪೆಲ್ಲ ಹೋಯ್ತು ನೋಡಿ. ಉಪ್ಪಿನಕಾಯಿ ತರಿಸ್ತೀನಿ, ಇವತ್ತೊಂದಿನ ಅದರಲ್ಲೇ ಉಣ್ಣಿ."

"ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ," ಎಂದು ಮೇಸ್ತ್ರಿ ಗೊಣಗಿದ. ಯಾರೋ ನಕ್ಕರು. ವಾರಗಿತ್ತಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು, ನಗಲಿಲ್ಲ. ದೊಡ್ಡಮ್ಮ ಮಂಡಿಯ ಮೇಲೆ ಕೂತು ಸೊಪ್ಪನ್ನು ಹೊಟ್ಟಿನ ಸಮೇತ ಬಾಚತೊಡಗಿದಳು. ಎದೆ ಹಗುರಾಗಿತ್ತು. ಯಾರೂ ತಿಂದಿಲ್ಲ, ಯಾರಿಗೂ ಗೊತ್ತಾಗಿಲ್ಲ. ದೇವರು ದೊಡ್ಡವನು ಅಂದುಕೊಂಡಳು.

ಗರಗಸದ ಯಂತ್ರ ನಡೆಸುವವನಿಗೆ ಪಟಾಕಿ ಎಂದು ಅಡ್ಡಹೆಸರು. ಬಾಯಿ ತೆರೆದರೆ ಸರದಂತೆ ಸಿಡಿಯುವವನು. ಅವನು ಊಟದ ಸಾಲಿನಲ್ಲಿ ಇರಲಿಲ್ಲ. ಮೂಲೆಯ ನೀರಿನ ಕೊಡದ ಹತ್ತಿರ ನಿಂತು ಲೋಟದ ಮೇಲೆ ಲೋಟ ನೀರು ಕುಡಿಯುತ್ತಿದ್ದ.

"ಏನೋ ಪಟಾಕಿ, ಕೊಡಕ್ಕೇ ಬಾಯಿ ಹಾಕ್ತೀಯಾ? ಒದ್ದೆ ಪಟಾಕಿ ಹೊಡೆಯಲ್ಲ ಕಣೋ," ಎಂದ ಮೇಸ್ತ್ರಿ.

"ಬಾಯಿ ಒಣಗ್ತಿದೆ ಮೇಸ್ತ್ರಿ. ನಾಲಿಗೆ ಅನ್ನೋದು ಮರದ ಚಕ್ಕೆ ಆಗಿದೆ." ಪಟಾಕಿ ಕೈಯಿಂದ ಕಣ್ಣಿಗೆ ಮರೆ ಮಾಡಿಕೊಂಡ. "ಇದ್ಯಾರು ಇಷ್ಟೊಂದು ಲೈಟು ಹಾಕಿದ್ದು? ಆರಿಸ್ರಪ್ಪ."

ಲೈಟು ಹಾಕಿರಲಿಲ್ಲ. ಅವನ ಮುಖ ಕೆಂಪಗೆ ಉಬ್ಬಿತ್ತು.

ಬಾಚುತ್ತಿದ್ದ ದೊಡ್ಡಮ್ಮನ ಕೈ ನಿಂತಿತು. "ಅವನಿಗೆ ಹುಷಾರಿಲ್ವಾ?" ಎಂದು ಹುಡುಗಿಯನ್ನು ಮೆಲ್ಲಗೆ ಕೇಳಿದಳು.

"ಚೆನ್ನಾಗೇ ಇದ್ರು ದೊಡ್ಡಮ್ಮ. ಆಗಲೇ ಮೇಲೆ ಬಂದು, ಒಗ್ಗರಣೆ ವಾಸ್ನೆಗೆ ಕೈಯೇ ಓಡ್ತಿಲ್ಲ, ಒಂದು ಚೂರು ಕೊಡು ಅಂತ ಪ್ರಾಣ ತಿಂದ್ರು. ನೀವು ಹಿತ್ತಲಲ್ಲಿದ್ರಿ. ಒಂದು ಬಟ್ಟಲು ಹಾಕಿಕೊಟ್ಟೆ. ಬಟ್ಟಲು ನೆಕ್ಕಿಟ್ಟು ಹೋದ್ರು."

"ಉಪ್ಪಿನಕಾಯಿ ಬರೋತನಕ ಒಂದು ಹಲಗೆ ಮುಗಿಸ್ತೀನಿ," ಎಂದು ಪಟಾಕಿ ಯಂತ್ರದ ಕಡೆ ನಡೆದ. ನಡೆಯುವಾಗ ಇಲ್ಲದ ಹೊಸ್ತಿಲು ದಾಟುವವನಂತೆ ಕಾಲೆತ್ತಿ ಇಟ್ಟ. ಸ್ವಿಚ್ಚು ಒತ್ತಿದ. ಗರಗಸ ಚೀರಿಕೊಂಡು ಎದ್ದಿತು.

ಹಲಗೆಯ ಮೇಲೆ ಸೀಸದಕಡ್ಡಿಯ ಗೆರೆ ಎಳೆದಿತ್ತು. ಅವನು ಆ ಗೆರೆಯನ್ನು ನೋಡುತ್ತಿರಲಿಲ್ಲ. ಗೆರೆಯಿಂದ ಒಂದು ಗೇಣು ಆಚೆಗೆ, ಏನೂ ಇಲ್ಲದ ಕಡೆ ಕಣ್ಣರಳಿಸಿ, ಅಲ್ಲಿಗೆ ಹಲಗೆ ತಳ್ಳುತ್ತಿದ್ದ. ಎಡಗೈ ಅಲಗಿನ ನೇರಕ್ಕೆ ಹೋಗುತ್ತಿತ್ತು. ಮಿಕ್ಕವರು ಉಪ್ಪಿನಕಾಯಿಯ ಮಾತಿನಲ್ಲಿದ್ದರು. ನೋಡುತ್ತಿದ್ದವಳು ದೊಡ್ಡಮ್ಮ ಒಬ್ಬಳೇ. ಇನ್ನೊಂದು ಸುಳ್ಳು ಹುಡುಕಿದಳು. ಸಿಗಲಿಲ್ಲ.

"ಮೇಸ್ತ್ರೀ, ಸ್ವಿಚ್ಚು ಆರಿಸಿ! ಅವನು ವಿಷ ತಿಂದಿದಾನೆ!"

ಮೇಸ್ತ್ರಿ ಮುದುಕನಾದರೂ ಆ ಮನೆಯ ಯಂತ್ರಗಳ ಜೊತೆ ಬೆಳೆದವನು. ಏನು, ಎತ್ತ ಎಂದು ಕೇಳದೆ ಗೋಡೆಯ ದೊಡ್ಡ ಸ್ವಿಚ್ಚನ್ನು ಕೆಳಗೆಳೆದ. ಅಲಗು ತಿರುಗಿ ತಿರುಗಿ ನಿಂತಿತು. ಪಟಾಕಿಯ ಕಿರುಬೆರಳ ತುದಿಯಿಂದ ಒಂದು ಹನಿ ರಕ್ತ ಹಲಗೆಗೆ ಬಿತ್ತು. ಅವನು ಅದನ್ನು ಬೇರೆ ಯಾರದೋ ಎಂಬಂತೆ ನೋಡಿದ.

"ಯಾವ ವಿಷ? ಏನ್ ಅತ್ತಿಗೆ ಇದು?"

"ಸೊಪ್ಪಲ್ಲಿ ದತ್ತೂರಿ ಎಲೆ ಸೇರಿದೆ. ನಾನೇ ಹಾಕಿದೆ. ನಂಗೆ ವಾಸ್ನೆ ಬರಲ್ಲ ಕಣಪ್ಪ. ಚಳಿಗಾಲದಿಂದ ಬರಲ್ಲ. ಎಲೆನೂ ಬರಲ್ಲ, ಹಾಲೂ ಬರಲ್ಲ, ಏನೂ ಬರಲ್ಲ."

ಹೊಟ್ಟಿನ ಧೂಳು ಬಿಸಿಲಿನಲ್ಲಿ ಮೆಲ್ಲಗೆ ಇಳಿಯುತ್ತಿತ್ತು. ಮೆಟ್ಟಿಲ ಮೇಲಿಂದ ವಾರಗಿತ್ತಿ ಇಳಿದು ಬಂದಳು. ಬಗ್ಗಿ, ಚೆಲ್ಲಿದ ಸೊಪ್ಪಿನಿಂದ ಒಂದು ಎಲೆ ಎತ್ತಿ ಮೂಸಿದಳು.

"ಬೆಳಿಗ್ಗೆ ಹೇಳಿದ್ನಲ್ಲ ಅಕ್ಕ," ಅಂದಳು. ಅಷ್ಟೇ ಅಂದಳು.

ಪಟಾಕಿಯನ್ನು ಹಲಗೆ ಸಾಗಿಸುವ ವ್ಯಾನಿಗೆ ಹತ್ತಿಸುವುದೇ ಕಷ್ಟವಾಯಿತು. ಡಾಕ್ಟರಿಗೆ ತೋರಿಸಲು ದೊಡ್ಡಮ್ಮ ಆ ಮುಳ್ಳುಕಾಯಿಯ ದಂಟನ್ನು ತಂದು ಮೈದುನನ ಕೈಗಿಟ್ಟಳು. ಅವನು ಅವಳ ಮುಖ ನೋಡದೆ ಇಸಿದುಕೊಂಡ. ಮೇಸ್ತ್ರಿ ಪಟಾಕಿಯನ್ನು ತಬ್ಬಿಕೊಂಡು ಕೂತ. ವ್ಯಾನು ಹೊರಡುವಾಗ ಪಟಾಕಿಯ ಎರಡೂ ಕೈ ಗಾಳಿಯಲ್ಲಿ ಇಲ್ಲದ ಹಲಗೆಯೊಂದನ್ನು ಹಿಡಿದು, ಬಹಳ ಜತನದಿಂದ, ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಳ್ಳುತ್ತಿದ್ದವು. ಮಾತಾಡುವವನು ಮಾತು ನಿಲ್ಲಿಸಿದ್ದ. ಅದೇ ಎಲ್ಲರಿಗೂ ಹೆಚ್ಚು ಭಯವಾದದ್ದು.

ಉಳಿದ ಗಂಡಸರು ತಟ್ಟೆಗಳನ್ನು ಹಾಗೇ ಬಿಟ್ಟು ಎದ್ದರು. ದೊಡ್ಡಮ್ಮ ಬಾಗಿಲಿಗೆ ಒರಗಿ ನಿಂತಳು. ಇನ್ನು ಆ ಮಾತು ಬರುತ್ತದೆ, ಕೂತ್ಕೊಳ್ಳಿ ಅಕ್ಕ ಎಂಬುದು. ಬರಲಿ, ಕೂತರಾಯಿತು ಅಂದುಕೊಂಡಳು. ವಾರಗಿತ್ತಿ ಬಾಯಿ ತೆರೆದಳು.

"ಅಕ್ಕ, ಬೀದಿಯವರೆಲ್ಲ ತಗೊಂಡ್ರಲ್ಲ."

ಬುಟ್ಟಿಗಳು ಮುಂದೆ ಬಂದದ್ದು ದೊಡ್ಡಮ್ಮನ ಕಣ್ಣಿಗೆ ಕಟ್ಟಿತು. ಬಿಸಿಲು ನೆತ್ತಿಯ ಮೇಲಿತ್ತು. ಬೀದಿಯಲ್ಲಿ ಊಟದ ಹೊತ್ತು.

"ನಡಿ," ಅಂದಳು. "ನಾನೇ ಹೇಳ್ತೀನಿ. ನೀನು ಸುಮ್ನೆ ಜೊತೇಲಿ ಬಾ."

ಟೀಚರಮ್ಮನ ಮನೆಯಲ್ಲಿ ಪುಣ್ಯಕ್ಕೆ ಸೊಪ್ಪು ಇನ್ನೂ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಮನೆಯಲ್ಲಿದ್ದ ಅವಳ ಅತ್ತೆ ಬಾಗಿಲಲ್ಲೇ ಕಿವಿಗೆ ಕೈ ಹಿಡಿದು ಕೇಳಿದಳು.

"ನೀವೇ ಮೂಸಿದ್ರಂತಲ್ಲ?"

"ಮೂಸಿದ ಹಾಗೆ ಮಾಡಿದೆ. ಚೆಲ್ಲಿಬಿಡಿ. ದನಕ್ಕೂ ಹಾಕ್ಬೇಡಿ."

ಮೂಲೆಮನೆಯಲ್ಲಿ ಅಡುಗೆ ಆಗಿತ್ತು, ಚಾಲಕ ಊಟಕ್ಕೆ ಇನ್ನೂ ಬಂದಿರಲಿಲ್ಲ. ಅವನ ಹೆಂಡತಿ ವಿಷಯ ಕೇಳಿ ಪಾತ್ರೆಯನ್ನು ಚರಂಡಿಗೆ ಬೋರಲು ಹಾಕಿ, ಬೀದಿಗೆಲ್ಲ ಕೇಳುವಂತೆ ಬಾಯಿ ಮಾಡಿದಳು. "ಮೂಗಿಲ್ದೋರು ಮೂಸೋಕೆ ಯಾಕೆ ಬರ್ತೀರಿ? ಮಕ್ಕಳ ತಟ್ಟೆಗೆ ಬಡಿಸೋಳಿದ್ದೆ! ಮಕ್ಕಳ ತಟ್ಟೆಗೆ!" ದೊಡ್ಡಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಳು. ಪೂರ್ತಿ ಕೇಳಲು ಹೊತ್ತಿರಲಿಲ್ಲ. ಮುಂದಿನ ಬಾಗಿಲಿಗೆ ನಡೆದಳು, ಅಲ್ಲಿಂದ ಅದರ ಮುಂದಿನದಕ್ಕೆ. ಪ್ರತಿ ಹೊಸ್ತಿಲಲ್ಲೂ ಮೊದಲು ಹೇಳಬೇಕಾದ ಮಾತು ಒಂದೇ. ನಂಗೆ ವಾಸ್ನೆ ಬರಲ್ಲ. ಹೇಳಿ ಹೇಳಿ ಆ ಮಾತು ತನ್ನ ಬಾಯಿಂದ ಬೇರೆ ಯಾರೋ ಆಡುತ್ತಿರುವಂತೆ ಕೇಳತೊಡಗಿತು.

ಉಳಿದದ್ದು ಬೀದಿಯ ಕೊನೆಯ ಮನೆ. ಟೇಲರು, ಟೇಲರಮ್ಮ ಇಬ್ಬರೇ ಇರುವ ಮನೆ. ಇಬ್ಬರಿಗೂ ಹಲ್ಲಿಲ್ಲ, ಮೆತ್ತಗೆ ಬೇಯಿಸಿದ ಸೊಪ್ಪೆಂದರೆ ಪ್ರಾಣ. ಬಾಗಿಲು ಹಾಕಿತ್ತು. ದೊಡ್ಡಮ್ಮ ತಟ್ಟಿದಳು. ಉತ್ತರವಿಲ್ಲ. ಮತ್ತೆ ತಟ್ಟಿದಳು.

"ಇನ್ನೂ ಅಡುಗೆ ಮಾಡಿರಲ್ಲ ಅನ್ಸುತ್ತೆ. ಮಲಗಿರಬೇಕು," ಅಂದಳು ದೊಡ್ಡಮ್ಮ. ಆ ಮಾತು ನಿಜವಾಗಲಿ ಎಂದು ಬೇಡಿಕೊಳ್ಳುವ ಸ್ವರದಲ್ಲಿ ಅಂದಳು. ಆಮೇಲೆ ಬಾಗಿಲ ಸಂದಿಯಿಂದ ಪಕ್ಕಕ್ಕೆ ಸರಿದು, ವಾರಗಿತ್ತಿಯ ತೋಳು ಹಿಡಿದು ಅಲ್ಲಿಗೆ ತಂದು ನಿಲ್ಲಿಸಿದಳು.

"ನೀನು ಮೂಸಿ ನೋಡೇ. ಏನು ಬರ್ತಿದೆ ಹೇಳು."

ವಾರಗಿತ್ತಿ ಸಂದಿಗೆ ಮುಖ ಇಟ್ಟು ಉಸಿರೆಳೆದಳು. ಒಂದು ಸಲ, ಇನ್ನೊಂದು ಸಲ. ತಿರುಗಿದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಬೆಳ್ಳುಳ್ಳಿ ಒಗ್ಗರಣೆ, ಅಕ್ಕ. ಆರಿದೆ. ಆಗಲೇ ಮಾಡಿದಾರೆ."

ಇಬ್ಬರೂ ಅಂಗೈ ಉರಿಯುವಂತೆ ಬಾಗಿಲು ಬಡಿದರು. ಒಳಗೆ ಯಾವುದೋ ಪಾತ್ರೆ ಉರುಳಿತು. ಗೋಡೆ ಸವರಿಕೊಂಡು ಬರುವ ಕೈಯ ಸದ್ದು ಬಂತು. ಚಿಲಕವನ್ನು ಎಲ್ಲೆಲ್ಲೋ ಹುಡುಕಿದ ಸದ್ದು. ಕೊನೆಗೆ ಬಾಗಿಲು ತೆರೆಯಿತು.

ಟೇಲರಮ್ಮ ನಿಂತಿದ್ದಳು. ಮುಖ ಕೆಂಡದಂತಿತ್ತು, ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಕಣ್ಣಿನಲ್ಲಿ ಬಿಳಿಯ ನಡುವೆ ಬರೀ ಕಪ್ಪು. ಅವಳು ಅವರಿಬ್ಬರನ್ನೂ ನೋಡಲಿಲ್ಲ, ಅವರ ಹೆಗಲ ಮೇಲಿಂದ ಆಚೆಗೆ ನೋಡಿದಳು. ನೋಡಿ, ಹಲ್ಲಿಲ್ಲದ ಬಾಯಿ ಅರಳಿಸಿ ನಕ್ಕಳು.

"ಅಯ್ಯೋ, ಇಷ್ಟೊಂದು ಜನ ಬಂದಿದೀರಾ! ಬನ್ನಿ ಬನ್ನಿ, ಎಲ್ಲಾರೂ ಒಳಗೆ ಬನ್ನಿ. ಆ ಮಕ್ಕಳನ್ನ ಯಾಕೆ ಬಿಸಿಲಲ್ಲಿ ನಿಲ್ಲಿಸಿದೀರಿ?"

ವಾರಗಿತ್ತಿ ತಿರುಗಿ ನೋಡಿದಳು. ಬೀದಿಯಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

ದೊಡ್ಡಮ್ಮ ತಿರುಗಲಿಲ್ಲ. ಟೇಲರಮ್ಮನ ಕೈ ಹಿಡಿದಳು. ಹಂಚಿನಂತೆ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ.

"ಮೂಲೆಮನೆಯವನ ಗಾಡಿ ಬಂದಿರುತ್ತೆ, ಓಡು. ಬೈದರೆ ಬೈಸ್ಕೋ, ಕರ್ಕೊಂಡೇ ಬಾ," ಎಂದು ವಾರಗಿತ್ತಿಯನ್ನು ಕಳಿಸಿದಳು. ಆಮೇಲೆ ಮುದುಕಿಯ ಕಡೆ ಬಗ್ಗಿ ಕೇಳಿದಳು. "ಯಜಮಾನ್ರು ಎಲ್ಲಿ ಟೇಲರಮ್ಮ?"

"ಒಳಗೇ ಇದಾರೆ. ಇವತ್ತು ನಿಮ್ಮ ಸೊಪ್ಪು ಅಂತ ಎರಡು ಸಲ ಹಾಕಿಸ್ಕೊಂಡ್ರು. ಈಗ ಮಿಷನ್ ಮುಂದೆ ಕೂತಿದಾರೆ, ನೋಡಿ. ಎಷ್ಟು ಜೋರಾಗಿ ಹೊಲೀತಿದಾರೆ, ಕೇಳಿಸ್ತಿಲ್ವಾ?"

ದೊಡ್ಡಮ್ಮ ಕಿವಿಗೊಟ್ಟಳು. ಒಳಗೆ ಯಾವ ಸದ್ದೂ ಇರಲಿಲ್ಲ. ಅವಳು ಹೊಸ್ತಿಲು ದಾಟಿದಳು.